ಬೋರಿನ ನೀರಿಗೆ ಕಡಲಿನ ಮಿಷನ್ನು

ನಮ್ಮೂರಿನ ಬೋರಿನ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಕುಕ್ಕರ್ ಎಷ್ಟು ಸಲ ಕೂಗಿದರೂ ಬೇಳೆ ಕಾಳುಕಾಳಾಗಿಯೇ ಇರುತ್ತದೆ. ಸೋಪು ನೊರೆ ಬಿಡುವುದಿಲ್ಲ, ಚಹಾ ಉಪ್ಪುಪ್ಪು, ತೊಳೆದಿಟ್ಟ ತಂಬಿಗೆ ಒಣಗಿದರೆ ಮೈಮೇಲೆಲ್ಲ ಬಿಳಿ ಕಲೆ. ಬ್ಯಾಡಗಿಯಿಂದ ಕದರಮಂಡಲಗಿಗೆ ಹೋಗುವ ದಾರಿಯಿಂದ ತುಸು ಒಳಗಿರುವ ಈ ಊರಿಗೆ ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಮೂಗು ಮುರಿದವಳೇ. ಆಮೇಲೆ ನಾಲಿಗೆ ಒಗ್ಗಿಕೊಂಡಿತು. ಗಿರಣಿ ಹಾಕಿದೆ, ಹಿಟ್ಟು ಬೀಸಿದೆ, ಖಾರ ಕುಟ್ಟಿದೆ. ನೀರಿನ ಬಗ್ಗೆ ಯೋಚಿಸಲು ಪುರುಸೊತ್ತೇ ಇರಲಿಲ್ಲ.

ಯೋಚಿಸುವಂತೆ ಮಾಡಿದವಳು ಅಮ್ಮ. ಅವಳು ಐರಣಿಯವಳು. ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿ, ಅದೇ ಊರಿಗೆ ಸೊಸೆಯಾಗಿ, ಹೊಳೆಯ ನೀರನ್ನೇ ಕುಡಿದು ತಲೆ ಬೆಳ್ಳಗೆ ಮಾಡಿಕೊಂಡವಳು. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವಳಿಗೆ ನನ್ನ ಗಿರಣಿಯ ಹುಚ್ಚು ಹಿಡಿಯಿತು. ತಕ್ಕಡಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಬಂದವರ ಮನೆಯ ಸುದ್ದಿಯನ್ನೆಲ್ಲ ಕೆದಕಿ ಕೇಳುತ್ತ, ಮೆಣಸಿನಕಾಯಿ ತೂಗುತ್ತ ಇಲ್ಲೇ ಉಳಿದುಬಿಟ್ಟಳು. ಎಲ್ಲದಕ್ಕೂ ಹೊಂದಿಕೊಂಡಳು, ನೀರಿಗೆ ಮಾತ್ರ ಇಲ್ಲ. ಅದನ್ನು ಅವಳು ಕರೆಯುತ್ತಿದ್ದುದೇ "ನಿಮ್ಮೂರ ನೀರು" ಎಂದು. ಐರಣಿಯಿಂದ ಯಾರಾದರೂ ಬಂದರೆ ಕ್ಯಾನಿನಲ್ಲಿ ಹೊಳೆ ನೀರು ತರಿಸಿಕೊಳ್ಳುವಳು. ಅದು ಮುಗಿದ ಮೇಲೆ ಗಂಟಲು ಒದ್ದೆಯಾಗುವಷ್ಟು ಮಾತ್ರ ಕುಡಿಯುವಳು.

ಬ್ಯಾಡಗಿಯಿಂದ ಕ್ಯಾನಿನ ನೀರು ತರಿಸಿದೆ, ಮುಟ್ಟಲಿಲ್ಲ. ನಾವು ಮನೆಯಲ್ಲಿ ಉರ್ದು ಮಾತಾಡುವವರು. ಅಮ್ಮ ಸಿಟ್ಟು ಬಂದಾಗ ಕನ್ನಡಕ್ಕೆ ಹೊರಳುತ್ತಾಳೆ, ಯಾಕೆಂದರೆ ಅದು ಓಣಿಯವರಿಗೂ ಕೇಳಿಸಬೇಕು.

"ನೀರು ಕೊಟ್ಟರ ಪುಣ್ಯಾ ಬರತೈತಿ. ಮಾರಿದ ನೀರು ನನ್ನ ಗಂಟಲದಾಗ ಇಳಿಯಂಗಿಲ್ಲ," ಎಂದು ಕೂಗಿ ಹೇಳಿದಳು.

ಪಕ್ಕದ ಊರಿನಲ್ಲಿ ಶುದ್ಧ ನೀರಿನ ಘಟಕವಿತ್ತು. ಅಲ್ಲಿ ನಾಣ್ಯ ಹಾಕಿದರೆ ನೀರು ಬರುತ್ತದೆ. ಅಮ್ಮನ ಕಾಯ್ದೆಯಲ್ಲಿ ಅದೂ ಮಾರಿದ ನೀರೇ. ಗೋಡೆಗೆ ಹಾಕುವ ಸಣ್ಣ ಫಿಲ್ಟರು ತಂದೆ, ನಮ್ಮ ನೀರಿನ ಏಟಿಗೆ ಅದು ಬೇಗನೆ ಕಟ್ಟಿಕೊಂಡು ಸುಮ್ಮನಾಯಿತು. ಅಮ್ಮ ಕುಡಿಯುವುದನ್ನು ಇನ್ನಷ್ಟು ಕಡಿಮೆ ಮಾಡಿದಳು. ಒಂದು ದಿನ ತಕ್ಕಡಿಯ ಮುಂದೆಯೇ ಪಕ್ಕೆ ಹಿಡಿದುಕೊಂಡು ಬಾಗಿದವಳಿಗೆ ಮೇಲೇಳಲಾಗಲಿಲ್ಲ.

ರಾಣೆಬೆನ್ನೂರಿನ ಡಾಕ್ಟರು ಮೂತ್ರಪಿಂಡದಲ್ಲಿ ಹರಳು ಎಂದರು. "ಹರಳು ಸಣ್ಣದೈತ್ರಿ, ನೀರಿನಾಗ ಹೋಗತೈತಿ. ಆದರ ನೀವು ನೀರು ಕುಡೀಬೇಕಲ್ಲ," ಎಂದು ಅಮ್ಮನ ಮುಖ ನೋಡಿದರು. ರಮಜಾನ್ ಹತ್ತಿರ ಬಂದಿತ್ತು. ರೋಜಾ ಇರಬಹುದೇ ಎಂದು ಅಮ್ಮ ಕೇಳಿದಳು. "ಸಂಜಿಯಿಂದ ನಸುಕಿನ ತನಕ ಹೊಟ್ಟಿ ತುಂಬ ನೀರು ಕುಡೀತೀರಂದ್ರ ಇರ್ರಿ. ಕುಡಿಯಂಗಿಲ್ಲಂದ್ರ ಈ ವರ್ಷ ರೋಜಾ ಬ್ಯಾಡ." ನನಗೂ ಬೆರಳು ತೋರಿಸಿ ಹೇಳಿದರು: "ನೋಡಕೋಬೇಕಾದವರು ನೀವು."

ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಹಾದಿಯುದ್ದಕ್ಕೂ ಕಣಗಳಲ್ಲಿ ಮೆಣಸಿನಕಾಯಿ ಹರವಿದ್ದರು. "ರೋಜಾ ಬಿಡಂಗಿಲ್ಲ. ಆ ನೀರೂ ಕುಡಿಯಂಗಿಲ್ಲ," ಎಂದಳು. ಸಣ್ಣ ಹುಡುಗಿಯಾಗಿದ್ದಾಗಿನಿಂದ ಒಂದು ರೋಜಾವನ್ನೂ ತಪ್ಪಿಸದವಳು. ಅದನ್ನು ಬಿಡಿಸಿದರೆ ಅವಳು ಬೇರೆ ಕಾಯಿಲೆ ಬೀಳುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಬಿಡಿಸದಿದ್ದರೆ ಹರಳು ಕೂತೇ ಇದೆ. ಅಮ್ಮ ಬದಲಾಗುವವಳಲ್ಲ. ಹಾಗಾದರೆ ನೀರನ್ನೇ ಬದಲು ಮಾಡುತ್ತೇನೆ ಎಂದು ಪಟ್ಟು ಹಿಡಿದೆ.

ನನ್ನ ಗಂಡನಿಗೆ ಲಾರಿ ಕೆಲಸ. ಬ್ಯಾಡಗಿ ಮಾರ್ಕೆಟ್ಟಿನಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಕರಾವಳಿಗೆ ಹೋಗಿ ಬರುತ್ತಾರೆ. ಎಲ್ಲಿ ಹೋದರೂ ನೀರು ಸಿಹಿ ಮಾಡುವ ಮಿಷನ್ ಸಿಗುತ್ತದೆಯೇ ಕೇಳಿ ಎಂದು ಅವರ ಬೆನ್ನು ಬಿದ್ದೆ. ಒಂದು ಸಲ ಹೊನ್ನಾವರದ ಕಡೆಯಿಂದ ಬಂದವರು ಲಾರಿಯ ಹಿಂದಿನಿಂದ ಟ್ರಂಕಿನಂಥದ್ದೊಂದನ್ನು ಇಳಿಸಿದರು. ಎರಡೂ ಕಡೆ ಹಿಡಿಕೆ, ಒಳಗೆ ಪಂಪು, ಉದ್ದನೆಯ ಬಿಳಿ ಕೊಳವೆ, ಒತ್ತಡ ತೋರಿಸುವ ಗಡಿಯಾರದಂಥ ಮುಳ್ಳು. ಮೀನು ಹಿಡಿಯುವವರ ಬೋಟಿನಲ್ಲಿದ್ದ ಮಿಷನ್ನು. ಬೋಟಿನ ಮಾಲೀಕ ದೊಡ್ಡದು ಹಾಕಿಸಿಕೊಂಡು ಇದನ್ನು ಗುಜರಿಗೆ ಕೊಡುವುದರಲ್ಲಿದ್ದನಂತೆ.

"ಸಮುದ್ರದ ನೀರನ್ನ ಕುಡಿಯಂಗ ಮಾಡತೈತಿ. ನಿನ್ನ ಬೋರಿನ ನೀರು ಇದಕ್ಕ ಯಾವ ಲೆಕ್ಕ?" ಎಂದರು.

"ಸಮುದ್ರದ ಮಂದಿ ನಮ್ಮೂರ ನೀರು ಕುಡಿದಿಲ್ಲರಿ, ಅದಕ್ಕ ಹಂಗ ಮಾತಾಡತಾರ," ಎಂದೆ.

ಬೋಟಿನ ಮಾಲೀಕನಿಗೆ ಫೋನು ಹಚ್ಚಿದೆ. ಒಳ್ಳೆಯ ಮನುಷ್ಯ. ಬಿಳಿ ಕೊಳವೆಯೊಳಗೆ ಸುರುಳಿ ಸುತ್ತಿದ ಒಂದು ಪೊರೆ ಇದೆ, ಅದೇ ಮಿಷನ್ನಿನ ಜೀವ ಎಂದ. ಒತ್ತಡ ಕೊಟ್ಟು ನೀರು ನುಗ್ಗಿಸಿದರೆ ಸಿಹಿ ನೀರು ಪೊರೆಯನ್ನು ದಾಟಿ ಒಂದು ಪೈಪಿನಲ್ಲಿ ಬರುತ್ತದೆ, ಉಪ್ಪೆಲ್ಲ ಉಳಿದ ನೀರಿನ ಜೊತೆ ಇನ್ನೊಂದರಲ್ಲಿ ಹೋಗುತ್ತದೆ. "ಗಾಳಿ ಪೂರ್ತಿ ಹೊರಗೆ ಹೋಗುವವರೆಗೆ ಒತ್ತಡ ಏರಿಸ್ಬೇಡಿ ಅಕ್ಕ. ನಿಮ್ಮದು ಕಡಲಿನ ನೀರಲ್ಲ, ಮುಳ್ಳು ಅರ್ಧಕ್ಕೆ ಬಂದರೂ ಸಾಕು. ಪೊರೆಗೆ ಎಣ್ಣೆ ತಾಗಬಾರದು, ಬ್ಲೀಚಿಂಗ್ ಪೌಡರ್ ತಾಗಬಾರದು, ಒಣಗಲೂಬಾರದು." ನನ್ನ ಗಿರಣಿಯ ಕಲ್ಲಿಗೂ ಇಷ್ಟು ಉಪಚಾರ ಬೇಕಿಲ್ಲ. ಆದರೆ ಮಿಷನ್ನುಗಳ ಹಟ ನನಗೆ ಹೊಸದಲ್ಲ.

ಮಿಷನ್ನನ್ನು ಖಾರದ ಧೂಳಿನಿಂದ ದೂರ, ಹಿತ್ತಲಿನಲ್ಲಿ ಬೋರಿನ ನೀರು ತುಂಬುವ ಸಿಮೆಂಟಿನ ಟಾಕಿಯ ಪಕ್ಕ ಕಲ್ಲಿನ ಮೇಲೆ ಕೂರಿಸಿದೆವು. ಗಿರಣಿಯಿಂದ ವೈರು ಎಳೆದೆವು. ಟಾಕಿಯಿಂದ ಪೈಪು, ನಡುವೆ ಕಸ ಹಿಡಿಯುವ ನೂಲಿನ ಫಿಲ್ಟರು. ಉಪ್ಪು ನೀರು ಹೋಗುವ ಪೈಪನ್ನು ಗಿಡಗಳಿಗೆ ಬಿಡದೆ ಡ್ರಮ್ಮಿಗೆ ಬಿಟ್ಟೆ, ಗಿರಣಿಯ ನೆಲ ತೊಳೆಯಲು ಆದೀತೆಂದು. ಮೊದಲ ಪ್ರಯತ್ನದಲ್ಲಿ ಪಂಪು ಕೆಮ್ಮಿತು, ಪೈಪು ಕಿತ್ತು ಗಂಡನ ಮುಖಕ್ಕೇ ನೀರು ರಾಚಿತು. ಕ್ಲಿಪ್ಪು ಬಿಗಿದು ಮತ್ತೆ ಶುರು ಮಾಡಿದೆ. ಗುಳ್ಳೆಗಳೆಲ್ಲ ಹೋದ ಮೇಲೆ ಒತ್ತಡ ಏರಿಸುವ ತಿರುಪನ್ನು ಇಷ್ಟಿಷ್ಟೇ ತಿರುಗಿಸಿದೆ. ಮುಳ್ಳು ಮೇಲೆದ್ದಿತು. ಸಣ್ಣ ಪೈಪಿನ ಬಾಯಲ್ಲಿ ದಾರದಷ್ಟು ನೀರು ಬಂತು. ಮೊದಲು ಬಂದದ್ದನ್ನು ಚೆಲ್ಲಿ, ಆಮೇಲಿನದನ್ನು ಅಂಗೈಯಲ್ಲಿ ಹಿಡಿದು ಕುಡಿದೆ. ಉಪ್ಪಿರಲಿಲ್ಲ. ಅದೇ ನೀರಿನಲ್ಲಿ ಬೇಳೆಗಿಟ್ಟೆ, ಬೆಣ್ಣೆಯಂತೆ ಬೆಂದಿತು. ನಾನು ಒಲೆಯ ಮುಂದೆ ನಿಂತು ಒಬ್ಬಳೇ ನಕ್ಕೆ.

ಅಮ್ಮ ಮಾತ್ರ ಕುಡಿಯಲೊಲ್ಲಳು. "ಸಂಜಿ ರೋಜಾ ಬಿಡುವ ಹೊತ್ತಿನಾಗ ಕುಡೀತೇನಿ. ಅಲ್ಲೀತನಕ ಪರೀಕ್ಷಾ ಬ್ಯಾಡ." ಐರಣಿಯ ಕ್ಯಾನಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು, ಆ ಧೈರ್ಯ ಅವಳಿಗೆ.

ಪಕ್ಕದ ಮನೆಯ ರೈತ ಕಾಕಾ ಇಡೀ ದಿನ ಬೇಲಿಯ ಆಚೆ ನಿಂತು ನಮ್ಮ ಮಿಷನ್ ನೋಡಿದವರು. ವಯಸ್ಸಾದವರು, ಕೈಯಲ್ಲಿ ಕೆಲಸವಿಲ್ಲದೆ ಕೂರಲಾರರು. ಹಬ್ಬ ಯಾರದೇ ಇರಲಿ, ಸುಣ್ಣದ ಬ್ರಷ್ಷು ಅವರದೇ. ದೀಪಾವಳಿಗೆ ತಮ್ಮ ಮನೆ, ರಮಜಾನಿಗೆ ಮುಂಚೆ ನಮ್ಮ ಮನೆ. ಸುಣ್ಣ ನೆನೆಹಾಕುವುದು, ನೀಲಿ ಬೆರೆಸುವುದು, ಗೋಡೆಗೆ ಎರಡು ಸಲ ಹೊಡೆಯುವುದು, ಎಲ್ಲ ಅವರೇ. ಬೇಡವೆಂದರೆ ಮುನಿಸಿಕೊಳ್ಳುತ್ತಾರೆ. ರಮಜಾನಿನ ಹಿಂದಿನ ದಿನ ನಾನು ಸಾಮಾನು ತರಲು ಬ್ಯಾಡಗಿಗೆ ಹೋದಾಗ ಅವರು ಮನೆಗೆ ಸುಣ್ಣ ಹೊಡೆದು ಮುಗಿಸಿದ್ದರು. ಬಕೆಟ್ಟಿನಲ್ಲಿ ಸುಣ್ಣ ಮಿಕ್ಕಿತ್ತು. ಟಾಕಿಯೂ ಖಾಲಿಯಾಗಿತ್ತು. ಅಷ್ಟು ದೊಡ್ಡ ಮಿಷನ್ ಬಂದಿದೆ, ಹಳೆಯ ಟಾಕಿ ಹೀಗಿದ್ದರೆ ಚೆಂದವೇ ಎಂದುಕೊಂಡು ಒಳಗಿಳಿದು, ತಳದಿಂದ ಬಾಯಿಯವರೆಗೆ ಬೆಳ್ಳಗೆ ಬಳಿದುಬಿಟ್ಟಿದ್ದರು. ಆಮೇಲೆ ಕರೆಂಟು ಬಂದಾಗ ಬೋರು ಹಚ್ಚಿ ತುಂಬಿಸಿಯೂ ಇದ್ದರು.

ನನಗೆ ಇದು ಗೊತ್ತಿರಲಿಲ್ಲ. ಮಾರನೆಯ ದಿನ ಮೊದಲ ರೋಜಾ. ಮುಂಜಾನೆ ಕರೆಂಟು ಬಂದ ಕೂಡಲೆ ಮಿಷನ್ ಹಚ್ಚಿ, ಗಿರಣಿಗೆ ಹೋಗಿ ಖಾರ ಕುಟ್ಟತೊಡಗಿದೆ. ತಿರುಗಿ ಬಂದು ನೋಡಿದರೆ ಮುಳ್ಳು ಕೆಂಪು ಗೆರೆಯ ಹತ್ತಿರ ನಡುಗುತ್ತಿತ್ತು. ಸಿಹಿ ನೀರಿನ ಪೈಪಿನಲ್ಲಿ ಹನಿ ಹನಿ. ನೂಲಿನ ಫಿಲ್ಟರು ಮಜ್ಜಿಗೆಯಲ್ಲಿ ಅದ್ದಿದಂತೆ ಬೆಳ್ಳಗಾಗಿತ್ತು. ಮಿಷನ್ ಆರಿಸಿ ಟಾಕಿಯೊಳಗೆ ಇಣುಕಿದೆ. ನನ್ನ ಪಿತ್ತ ನೆತ್ತಿಗೇರಿತು.

"ಯಾರು ಬಳದಿದ್ದು ಇದನ್ನ?"

ಕಾಕಾ ನಗುತ್ತಲೇ ಬಂದರು. "ನಾನಽ ತಂಗಿ. ಹೆಂಗೈತಿ?"

ಬಾಯಿಗೆ ಬಂದಂತೆ ಬೈದೆ. ಖಾರ ಕುಟ್ಟಿಸಲು ಬಂದವರೆಲ್ಲ ಹಿತ್ತಲಿಗೆ ಬಂದು ನಿಂತರು. ಕಾಕಾನ ನಗು ಮೆಲ್ಲಗೆ ಆರಿತು. ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣವಿದ್ದ ಕೈಗಳನ್ನು ಹಿಂದೆ ಕಟ್ಟಿಕೊಂಡರು. "ಬಾವಿಗೆ ಸುಣ್ಣಾ ಹಾಕಿದರ ನೀರು ಸ್ವಚ್ಛ ಆಗತೈತಿ ಅಂತ ನಮ್ಮಪ್ಪ ಹಾಕತಿದ್ದ. ಅಮ್ಮಾರು ಕುಡಿಯೋ ನೀರು ಅಂತ ಬಳದೆ," ಎಂದರು. ಅಮ್ಮ ತಕ್ಕಡಿಯ ಪಕ್ಕದ ಸ್ಟೂಲಿನಿಂದಲೇ ಹಿತ್ತಲಿನ ಕಡೆ ನೋಡುತ್ತಿದ್ದಳು. ಅವಳ ತುಟಿ ಆಗಲೇ ಒಣಗಿತ್ತು. ಐರಣಿಯ ಕ್ಯಾನಿನ ಕೊನೆಯ ನೀರನ್ನು ನಸುಕಿನಲ್ಲೇ ಕುಡಿದು ಮುಗಿಸಿದ್ದಳು.

ಬೋಟಿನ ಮಾಲೀಕನಿಗೆ ಫೋನು ಮಾಡಿದೆ. ಅವನು ನಕ್ಕ, ಆಮೇಲೆ ಗಂಭೀರನಾದ. "ಗಡಸು ನೀರಿಗೆ ಸುಣ್ಣವೂ ಸೇರಿದೆ, ಪೊರೆಯ ಮೇಲೆ ಕಲ್ಲು ಕಟ್ಟಿದೆ. ಹುಳಿಗೆ ಕರಗ್ತದೆ. ಲಿಂಬೆ ಉಪ್ಪು, ಅದೇ ಸಿಟ್ರಿಕ್ ಆಸಿಡ್, ಸಿಗ್ತದಾ ನೋಡಿ. ಒತ್ತಡ ಕೊಡ್ಬೇಡಿ, ಆ ಹುಳಿ ನೀರನ್ನು ಮಿಷನ್ನಿನೊಳಗೆ ಸುಮ್ಮನೆ ಸುತ್ತಿಸಿ."

ಲಿಂಬೆ ಉಪ್ಪು ಶರಬತ್ತಿಗೆಂದು ನಾನೇ ಹಿಂದಿನ ದಿನ ತಂದಿದ್ದೆ. ಮೆಣಸಿನಕಾಯಿಯ ಕಾಲ, ಗಿರಣಿಯ ಮುಂದೆ ಚೀಲಗಳ ಸಾಲು. ಗಿರಣಿ ನಿಲ್ಲಿಸಿದೆ. "ಇವತ್ತು ಖಾರ ಇಲ್ಲ, ನಾಳೆ ಬರ್ರಿ," ಎಂದೆ. ಕೆಲವರು ಗೊಣಗಿದರು, ಗೊಣಗಲಿ. ಮನೆಯಲ್ಲಿ ಎರಡು ಕೊಡದಷ್ಟು ಮೊದಲೇ ಮಾಡಿಟ್ಟ ಸಿಹಿ ನೀರಿತ್ತು, ಅಡಿಗೆಗೆಂದು ಇಟ್ಟದ್ದು. ಅದು ಅಮ್ಮನಿಗೆ ಕುಡಿಯಲು ಒಂದೆರಡು ದಿನಕ್ಕಾದೀತು, ಮಿಷನ್ ಉಳಿದರೆ ತಿಂಗಳಿಡೀ ನೀರು. ಅದನ್ನೇ ಬಕೆಟ್ಟಿಗೆ ಸುರಿದು, ಲಿಂಬೆ ಉಪ್ಪು ಕದಡಿ, ಮಿಷನ್ನಿನ ಮೂರೂ ಪೈಪುಗಳನ್ನು ಅದರಲ್ಲೇ ಮುಳುಗಿಸಿ ಪಂಪು ಹಚ್ಚಿದೆ. ಹೊರಬರುವ ನೀರಿನಲ್ಲಿ ಗುಳ್ಳೆಗಳು ಸೋಡಾದಂತೆ ಉಕ್ಕಿದವು. ಒಳಗಿನ ಸುಣ್ಣ ಕರಗುತ್ತಿದೆ ಎಂದರ್ಥ. ಅಷ್ಟರಲ್ಲಿ ಕಾಕಾ ಟಾಕಿಯೊಳಗಿಳಿದಿದ್ದರು. ನೀರು ಹೊರಹಾಕಿ, ತೆಂಗಿನ ನಾರು ಹಿಡಿದು ತಾವೇ ಬಳಿದದ್ದನ್ನು ತಾವೇ ತಿಕ್ಕುತ್ತಿದ್ದರು. ಬಿಸಿಲು ನೆತ್ತಿಯ ಮೇಲಿತ್ತು. ಮೇಲೆ ಬರ್ರಿ, ನೀರು ಕುಡೀರಿ ಎಂದೆ. "ಅಮ್ಮಾರು ಕುಡೀಲಿ, ಆಮ್ಯಾಲ ಕುಡೀತೇನಿ," ಎಂದು ಒಳಗಿನಿಂದಲೇ ಹೇಳಿದರು. ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು.

ಗುಳ್ಳೆ ನಿಂತ ಮೇಲೆ ಹುಳಿ ನೀರು ಚೆಲ್ಲಿದೆ. ಟಾಕಿ ತೊಳೆದು, ತೊಳೆದ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆದೆವು. ಕರೆಂಟು ಹೋಗಿತ್ತು. ಅದು ಬರುವ ತನಕ ಫಿಲ್ಟರು ಬದಲಿಸಿ, ಕ್ಲಿಪ್ಪುಗಳನ್ನೆಲ್ಲ ಮತ್ತೊಮ್ಮೆ ಬಿಗಿದೆ. ಕೈ ಸುಮ್ಮನಿದ್ದರೆ ಹೆದರಿಕೆಯಾಗುತ್ತಿತ್ತು. ಬಿಸಿಲು ಇಳಿದ ಮೇಲೆ ಕರೆಂಟು ಬಂತು. ಬೋರು ಹಚ್ಚಿದೆ. ಟಾಕಿಯ ತಳ ಮುಳುಗಿದ ಕೂಡಲೆ ಮಿಷನ್ ಹಚ್ಚಿದೆ. ಅವಸರದಲ್ಲಿ ಕೈ ತಿರುಪಿಗೆ ಹೋಯಿತು, ಹಿಂದಕ್ಕೆಳೆದುಕೊಂಡೆ. ಮೊದಲು ಗಾಳಿ. ಗುಳ್ಳೆಗಳು ಹೋದವು. ಆಮೇಲೆ ತಿರುಪು, ಇಷ್ಟಿಷ್ಟೇ. ಮುಳ್ಳು ಅರ್ಧಕ್ಕೆ ಬಂದು ಅಲ್ಲೇ ನಿಂತಿತು, ನಡುಗಲಿಲ್ಲ. ಪೈಪಿನ ಬಾಯಲ್ಲಿ ಹನಿ, ಹನಿಯ ಹಿಂದೆ ದಾರ. ಹುಳಿಯ ವಾಸನೆ ಹೋಗುವವರೆಗೆ ಚೆಲ್ಲಿದೆ, ಚೆಲ್ಲುವಾಗ ಹೊಟ್ಟೆ ಉರಿಯಿತು. ನಂತರ ಹೊಸ ಮಣ್ಣಿನ ಗಡಿಗೆಯನ್ನು ಕೆಳಗಿಟ್ಟೆ.

ಅಜಾನ್ ಆಗುವ ಹೊತ್ತಿಗೆ ಗಡಿಗೆ ಕಂಠದ ತನಕ ಬಂದಿತ್ತು. ಹಿತ್ತಲಿನಲ್ಲೇ ಚಾಪೆ ಹಾಸಿದೆವು. ಕಾಕಾ ಬೇಲಿಯ ಹತ್ತಿರ ನಿಂತಿದ್ದರು, ಕರೆದರೂ ಬರಲಿಲ್ಲ. ಅಮ್ಮ ಖಜೂರ ಬಾಯಿಗಿಟ್ಟುಕೊಂಡು, ಗ್ಲಾಸು ಎತ್ತಿ ಒಂದು ಗುಟುಕು ಕುಡಿದು, ಕೆಳಗಿಟ್ಟಳು.

"ಸಪ್ಪಗೈತಿ."

ನನಗೆ ಅಳುವೂ ಬಂತು, ಸಿಟ್ಟೂ ಬಂತು. "ಉಪ್ಪು ಅಂದಿ, ಉಪ್ಪು ತಗದೆ. ಈಗ ಸಪ್ಪಗ ಅಂತಿ. ಏನು ಮಾಡಲಿ ನಾನು?"

ಅಮ್ಮ ನನ್ನ ಕಡೆ ನೋಡಲಿಲ್ಲ, ಬೇಲಿಯ ಕಡೆ ನೋಡಿದಳು. "ಬೆಳಗಿಂದ ಟಾಕಿ ತಿಕ್ಕ್ಯಾರ. ಅದರಾಗಿಂದ ಒಂದು ತಂಬಿಗಿ ತಂದು ಗಡಗ್ಯಾಗ ಹಾಕು. ರುಚಿ ಬರತೈತಿ."

"ಯಾವ ನೀರು?"

"ನಮ್ಮೂರ ನೀರು. ಮತ್ಯಾವುದು?"

ನಾನು ಟಾಕಿಯಿಂದ ಒಂದು ತಂಬಿಗೆ ತಂದು ಸುರಿದೆ. ಅಮ್ಮ ಸೌಟಿನಿಂದ ತಾನೇ ಕದಡಿ, ಗ್ಲಾಸಿಗೆ ಬಗ್ಗಿಸಿಕೊಂಡು, ಕಣ್ಣು ಮುಚ್ಚಿ ಪೂರ್ತಿ ಕುಡಿದಳು. ಇನ್ನೊಂದು ಗ್ಲಾಸು ತುಂಬಿ ಬೇಲಿಯ ಕಡೆ ಚಾಚಿದಳು. ಕಾಕಾ ಬಂದು, ಸುಣ್ಣ ಹತ್ತಿದ ಕೈಗಳನ್ನು ಧೋತರಕ್ಕೆ ಒರೆಸಿಕೊಂಡು ಇಸಿದುಕೊಂಡರು. ಅವರು ಕುಡಿಯುವುದನ್ನು ಕೊನೆಯ ಹನಿಯವರೆಗೂ ನೋಡಿ, ಅಮ್ಮ ತನ್ನ ಖಾಲಿ ಗ್ಲಾಸನ್ನು ನನ್ನ ಮುಂದೆ ಹಿಡಿದಳು.

"ಹಾಕು. ಡಾಕ್ಟರು ಹೊಟ್ಟಿ ತುಂಬ ಅಂದಾರ."