ಬಸಿದ ನೀರು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರೂ ಅಡುಗೆಯವನನ್ನು ಸೌಟಣ್ಣ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಸೌಟಿಲ್ಲದಿದ್ದರೆ ಆಸಾಮಿಗೆ ಮಾತೇ ಹೊರಡದು. ಕಾಳು ಬೇಯಿಸಿದ ನೀರನ್ನು ಯಾರಾದರೂ ಚೆಲ್ಲಿದರೋ, ಅವರ ಕಥೆ ಮುಗಿಯಿತು. "ಸತ್ವವೆಲ್ಲ ಅದರಲ್ಲೇ ಇರೋದು ಕಣಯ್ಯಾ" ಎಂದು ಹರಿಹಾಯುತ್ತಿದ್ದ. ಅಂಥವನ ಸ್ವಂತ ಅಡುಗೆಮನೆಯಲ್ಲಿ, ಹೆಂಡತಿ ಹೋದಂದಿನಿಂದ, ಮದ್ದಿಗೆಂದರೂ ಒಂದು ಕಾಳು ಸಿಗುತ್ತಿರಲಿಲ್ಲ.

ಹೆಂಡತಿಗೆ ಕಿಡ್ನಿ ಕೆಟ್ಟಿತ್ತು. ಕಾಳು ಕಮ್ಮಿ ಮಾಡಿ ಎಂದಿದ್ದರು ಡಾಕ್ಟರು. ಸೌಟಣ್ಣ ಕಾಳನ್ನು ತಾನು ತಿಂದು, ಬಸಿದ ನೀರನ್ನು ದಿನಾ ಸಂಜೆ ಅವಳಿಗೆ ಕುಡಿಸಿದ. ಒಂದು ಸಂಜೆ ಅವಳ ಎದೆ ಬಡಿತ ತಪ್ಪಿ ನಿಂತೇಹೋಯಿತು. ಲೋಟದ ತಳದಲ್ಲಿ ಎರಡು ಕಾಳು ಉಳಿದಿದ್ದವು. ಕಣ್ತಪ್ಪಿ ಜಾರಿದ ಅಂಥ ಕಾಳುಗಳೇ ಅವಳನ್ನು ತಿಂದವು ಎಂದು ನಂಬಿದ.

ಈಗ ಅದೇ ಕಾಯಿಲೆ ಮಗಳ ಬೆನ್ನು ಹತ್ತಿತ್ತು. ಸಪ್ಪೆ ಅನ್ನ ತಿಂದೂ ತಿಂದೂ ಹುಡುಗಿ ಅರ್ಧಕ್ಕೇ ಏಳುತ್ತಿದ್ದಳು. ಕೈಗಡಿಯಾರ ಮೊಣಕೈವರೆಗೆ ಜಾರುವಷ್ಟು ಸೊರಗಿದ್ದಳು.

ಆಸ್ಪತ್ರೆಯಲ್ಲಿ ಪಥ್ಯ ಹೇಳುವಾಕೆ ಮಗಳ ರಕ್ತದ ರಿಪೋರ್ಟು ನೋಡಿದಳು. "ಕಾಳು ಪೂರ್ತಿ ಬಿಡೋದು ಬೇಡ. ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿ. ಹೊಸ ನೀರು ಜಾಸ್ತಿ ಹಾಕಿ ಚೆನ್ನಾಗಿ ಬೇಯಿಸಿ, ಅದನ್ನೂ ಚೆಲ್ಲಿ. ಸದ್ಯಕ್ಕೆ ಅರ್ಧ ಸೌಟು ಸಾಕು. ಮುಂದಿನ ರಿಪೋರ್ಟು ನೋಡಿ ಅಳತೆ ಹೇಳ್ತೀನಿ."

"ಬೇಯಿಸಿದ ನೀರು ಕುಡಿದ್ರೆ?" ಎಂದ ಸೌಟಣ್ಣ.

"ಅದನ್ನ ಮಾತ್ರ ಕೊಡ್ಬೇಡಿ. ಕಾಳಿನ ಪೊಟ್ಯಾಸಿಯಂ ಇಳಿಯೋದೇ ಆ ನೀರಿಗೆ. ರಕ್ತದಲ್ಲಿ ಅದು ಏರಿದ್ರೆ ಹೃದಯಕ್ಕೇ ಅಪಾಯ."

ದಿನಾ ಸಂಜೆ ಹೆಂಡತಿಗೆ ಹಿಡಿಯುತ್ತಿದ್ದ ಲೋಟ ಸೌಟಣ್ಣನ ಕಣ್ಣೆದುರು ಬಂತು. ಅದೊಂದರಿಂದಲೇ ಅವಳು ಹೋದಳೆಂದು ಯಾರೂ ಹೇಳಲಾರರು, ಆದರೆ ಮನಸ್ಸು ಕೇಳಬೇಕಲ್ಲ. ಅಂದಿನಿಂದ ಕ್ಯಾಂಟೀನಿನಲ್ಲಿ ಹಂಡೆ ಬಸಿಯುವಾಗಲೆಲ್ಲ ಅವಳ ದನಿ ಕೇಳತೊಡಗಿತು: "ಇವತ್ತು ಬೇಡ ಕಣ್ರೀ."

ರಜೆಯ ದಿನ ಮನೆಯಲ್ಲಿ ಕಾಳು ಬೇಯಿಸಿದ. ಪಾತ್ರೆಯನ್ನು ಸಿಂಕಿನ ಮೇಲೆ ಹಿಡಿದು ನಿಂತ. ಕೈ ಬಗ್ಗಲಿಲ್ಲ.

"ಅಪ್ಪಾ, ಕೈ ಸುಟ್ಟೀತು" ಎಂದಳು ಮಗಳು.

"ನಿಮ್ಮಮ್ಮಂಗೆ ನಾನು ಕುಡಿಸಿದ್ದು ಇದೇ ನೀರು."

ಅವಳಿಗೆ ಅರ್ಥವಾಯಿತು. "ಅಮ್ಮ ಎಲ್ಲಿ ಕುಡೀತಿದ್ಳು? ನೀನು ಆ ಕಡೆ ತಿರುಗಿದ ತಕ್ಷಣ ಸಿಂಕಿಗೆ ಸುರೀತಿದ್ಳು."

ಅವನು ಆ ಕಡೆ ತಿರುಗಿದ್ದೇ ಇಲ್ಲ. ಲೋಟ ಬರಿದಾಗುವವರೆಗೂ ಹೆಂಡತಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದ. ಬಾಗಿಲಲ್ಲಿ ನಿಂತು ಮಗಳೂ ಅದನ್ನು ನೋಡುತ್ತಿದ್ದಳು.

"ಹೌದಾ?" ಎಂದ.

"ಹೂಂ."

ಪಾತ್ರೆ ಬಗ್ಗಿಸಿದ. ಕಂದು ನೀರು ಗೊಳಗೊಳ ಇಳಿದುಹೋಯಿತು. ಅರ್ಧ ಸೌಟು ಕಾಳು ಬಡಿಸಿ, ತಟ್ಟೆ ಬರಿದಾಗುವವರೆಗೂ ಮಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತ.