ಕಾರಿಗೆ ತಂಪು ತುಂಬುತ್ತಿದ್ದವರು

ನಾವು ಬಾಡಿಗೆಗಿದ್ದ ಮನೆಯ ಯಜಮಾನರ ಎಡಗೈಯ ಮೂರು ಬೆರಳುಗಳ ತುದಿ ಮೇಣದ ಹಾಗೆ ಬೆಳ್ಳಗಿತ್ತು. ಅಲ್ಲಿ ಚರ್ಮದ ಗೆರೆಗಳೇ ಇರಲಿಲ್ಲ, ಉಗುರೂ ಸರಿಯಾಗಿ ಬೆಳೆಯುತ್ತಿರಲಿಲ್ಲ. ಹೊಗೆಯಾಡುವ ಕಾಫಿ ಲೋಟವನ್ನು ಆ ಬೆರಳುಗಳಲ್ಲಿ ಹಿಡಿದುಕೊಂಡೇ ಆರಾಮಾಗಿ ಮಾತಾಡುತ್ತಿದ್ದರು. ಎಂಬತ್ತರ ದಶಕದ ಶುರುವಿನಲ್ಲಿ ನನ್ನ ಗಂಡನಿಗೆ ಅರಸೀಕೆರೆಯ ರೈಲ್ವೆಗೆ ವರ್ಗವಾಗಿ, ಅವರ ಹಿತ್ತಲ ಮನೆಗೆ ನಾವು ಬಾಡಿಗೆಗೆ ಬಂದ ಹೊಸತು. ಏನೋ ಚರ್ಮದ ಕಾಯಿಲೆ ಇರಬೇಕೆಂದು ನಾನು ಒಳಗೊಳಗೇ ಹೆದರಿದ್ದೆ. ಅವರ ಹೆಂಡತಿಗೆ ಅದು ಗೊತ್ತಾಗಿರಬೇಕು. "ಬೆಂಕಿ ಸುಟ್ಟಿದ್ದಲ್ಲ ಕಣಮ್ಮ, ತಂಪು ಸುಟ್ಟಿದ್ದು. ಕಾರಿಗೆ ಗ್ಯಾಸ್ ತುಂಬೋವಾಗ ಪೈಪು ಜಾರಿ ಕೈಮೇಲೆ ಚಿಮ್ತು" ಅಂದರು.

ಯಜಮಾನರದು ಕೊಬ್ಬರಿ ವ್ಯಾಪಾರ. ಆ ಊರಿನಲ್ಲಿ ಆಗ ಕಾರಿಟ್ಟವರೇ ಕಡಿಮೆ. ಇವರ ಅಂಬಾಸಿಡರಿಗೆ ಏಸಿ ಬೇರೆ! ಅರೇಹಳ್ಳಿ ಕಡೆಯ ಕಾಫಿ ತೋಟದವರೊಬ್ಬರಿಂದ ಅದನ್ನು ಹಳೆಯದಾಗಿ ಕೊಂಡಿದ್ದರು. ಜನ ಶೋಕಿ ಅಂದುಕೊಂಡರು. ಅದು ಶೋಕಿಯಲ್ಲ, ಅವರ ಒಬ್ಬನೇ ಮಗನಿಗಾಗಿ.

ಆ ಹುಡುಗನಿಗೆ ಹುಟ್ಟಿನಿಂದಲೇ ಬೆವರು ಬರುತ್ತಿರಲಿಲ್ಲ. ತಲೆಗೂದಲು ವಿರಳ, ಹಲ್ಲೂ ಅಲ್ಲೊಂದು ಇಲ್ಲೊಂದು. ಬಿಸಿಲಿಗೆ ಹೋದರೆ ಮೈ ಕೆಂಡವಾಗುತ್ತಿತ್ತು. ಚಿಕ್ಕವನಿದ್ದಾಗ ಇದು ಯಾರಿಗೂ ತಿಳಿದಿರಲಿಲ್ಲ. ಆಟದ ಬಯಲಿನಿಂದ ಓಡಿಬಂದು ಬಚ್ಚಲಿನ ಒದ್ದೆ ಕಲ್ಲಿನ ಮೇಲೆ ಮಲಗುತ್ತಿದ್ದವನನ್ನು ಸೋಮಾರಿಯೆಂದು ತಂದೆ ಹೊಡೆದೂ ಇದ್ದರು. ಬೆಂಗಳೂರಿನ ಡಾಕ್ಟರು ವಿಷಯ ತಿಳಿಸಿದ ದಿನದಿಂದ ಅವರು ಮಗನ ಮೇಲೆ ದನಿ ಎತ್ತಲಿಲ್ಲವಂತೆ. ಸ್ಕೂಲಿಗೆ, ದೇವಸ್ಥಾನಕ್ಕೆ, ನೆಂಟರ ಮನೆಗೆ, ಎಲ್ಲಿಗೆ ಹೋದರೂ ಅವನು ಗಾಜು ಏರಿಸಿದ ಆ ಕಾರಿನಲ್ಲೇ.

ನಮ್ಮ ರಸ್ತೆಗಳ ಕುಲುಕಾಟಕ್ಕೆ ಕಾರಿನ ಏಸಿ ಪೈಪುಗಳ ಜೋಡಣೆ ಸಡಿಲಾಗಿ ತಂಪು ಕೊಡುವ ಗ್ಯಾಸ್ ಸೋರಿಹೋಗುತ್ತಿತ್ತು. ರಿಪೇರಿಯವನು ಬೆಂಗಳೂರಿನಲ್ಲಿ. ಅವನನ್ನು ಒಮ್ಮೆ ಮನೆಗೇ ಕರೆಸಿ, ಪಕ್ಕದಲ್ಲಿ ಕೂತು ಕೆಲಸ ಕಲಿತುಕೊಂಡರು. ಆಮೇಲೆ ಎಲ್ಲವೂ ನಮ್ಮ ಅಂಗಳದಲ್ಲೇ. ಸೋಪಿನ ನೊರೆಯನ್ನು ಪೈಪಿಗೆಲ್ಲ ಸವರಿ, ಎಲ್ಲಿ ಗುಳ್ಳೆ ಏಳುತ್ತದೆಂದು ಕಣ್ಣು ಕಿರಿದು ಮಾಡಿ ನೋಡುವರು. "ಎಲ್ಲೋ ಸೋರ್ತೈತೆ ಕಣಮ್ಮ, ಕಳ್ಳ ಇಲ್ಲೇ ಅವ್ನೆ" ಎಂದು ನನಗೆ ಕೇಳುವಂತೆ ಹೇಳುವರು. ಹಳೆಯ ಫ್ರಿಜ್ಜಿನ ಕಂಪ್ರೆಸರಿನಿಂದ ಪೈಪಿನೊಳಗಿನ ಗಾಳಿ ಎಳೆದು, ಎಂಜಿನ್ ಓಡಿಸಿ, ಪುಟ್ಟ ಸಿಲಿಂಡರಿನಿಂದ ಗ್ಯಾಸ್ ಬಿಡುವರು. ಕೊನೆಗೆ ಮಗನನ್ನು ಕೂಗಿ ಮುಂದಿನ ಸೀಟಿನಲ್ಲಿ ಕೂರಿಸಿ, "ಬತ್ತಾ ಐತಾ?" ಎಂದು ಕೇಳುವರು. ಅವನು "ಬತ್ತೈತೆ ಕಣಪ್ಪ" ಅಂದರೆ ಮುಖವೆಲ್ಲ ಅರಳುತ್ತಿತ್ತು. ಆ ಕೆಲಸದ ಮೇಲೆ ಅವರಿಗೆ ಅಪಾರ ನಂಬಿಕೆ. ಈಗ ನೆನೆದರೆ, ಆ ನಂಬಿಕೆ ಸ್ವಲ್ಪ ಕಡಿಮೆಯಿದ್ದಿದ್ದರೆ ಅನ್ನಿಸುತ್ತದೆ.

ಹುಡುಗ ಹತ್ತನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿನವರು ಬೇಲೂರು, ಹಳೇಬೀಡಿಗೆ ಪ್ರವಾಸ ಹೋದರು. ಬಸ್ಸಿನಲ್ಲಿ ಇವನನ್ನು ಕಳಿಸಲು ತಂದೆ ಒಪ್ಪಲಿಲ್ಲ. ಹುಡುಗ ಮಾತು ಬಿಟ್ಟ. ತಡೆಯಲಾರದೆ, ಪರೀಕ್ಷೆ ಮುಗಿದ ಮೇಲೆ ಅವರೇ ಕಾರಿಗೆ ಗ್ಯಾಸ್ ತುಂಬಿ ಅವನನ್ನು ಹಳೇಬೀಡಿಗೆ ಕರೆದುಕೊಂಡು ಹೊರಟರು. ಅವನ ತಾಯಿ ನನ್ನನ್ನೂ ಕರೆದರು. ಹುಡುಗ ಒದ್ದೆ ಟವೆಲು ಹೊದ್ದು ಗುಡಿಯ ಒಳಗಿನ ತಂಪಿನಲ್ಲಿ ಕಂಬ ಕಂಬಕ್ಕೂ ಕೈಯಾಡಿಸಿದ. "ಅಕ್ಕಾ, ಇಲ್ಲೇ ಇದ್ದುಬಿಡಬಹುದು ಅಲ್ವಾ?" ಅಂದ. ಅಷ್ಟು ನಗುತ್ತಿದ್ದುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹಿಂತಿರುಗುವಾಗ ಜಾವಗಲ್ ದಾಟಿದ ಮೇಲೆ ಚಕ್ರಕ್ಕೆ ಸಿಕ್ಕಿದ ಕಲ್ಲೊಂದು ಕೆಳಗಿನಿಂದ ಬಡಿಯಿತು. ಬುಸ್ಸೆಂದು ಸದ್ದಾಯಿತು. ತಂಪು ಗಾಳಿ ನಿಂತೇಹೋಯಿತು. ಯಜಮಾನರು ಕಾರು ನಿಲ್ಲಿಸಿದರು. ನೆತ್ತಿ ಸುಡುವ ಬಿಸಿಲು. ತಂದಿದ್ದ ನೀರು ಆಗಲೇ ಟವೆಲು ನೆನೆಸಿ ನೆನೆಸಿ ಮುಗಿದಿತ್ತು. ಹೊಲದಾಚೆ ಒಂದು ಬಾವಿ ಕಾಣುತ್ತಿತ್ತು.

"ರೀ, ಬಾವಿ ಐತೆ, ಎತ್ಕೊಂಡು ಹೋಗಾಣ" ಅಂದರು ತಾಯಿ.

"ತಡಿಯೇ, ಇನ್ನೊಂದು ಸಿಲಿಂಡರ್ ಡಿಕ್ಕೀಲೈತೆ. ಈಗ ತುಂಬಿಬಿಡ್ತೀನಿ. ಬಿಸಿಲಿಗೆ ಇಳಿಸ್ಬ್ಯಾಡ."

ಬಾನೆಟ್ಟು ಎತ್ತಿ, ಪೈಪು ಬಿಗಿದು, ಗ್ಯಾಸ್ ಬಿಟ್ಟರು. ಅದು ಸೋರಿಹೋಯಿತು. ಮತ್ತೆ ಬಿಗಿದರು, ಮತ್ತೆ ಬಿಟ್ಟರು. "ಆಯ್ತು, ಇನ್ನೇನು ಆಯ್ತು" ಅನ್ನುತ್ತಲೇ ಇದ್ದರು. ಒಳಗೆ ಹುಡುಗ ತಾಯಿಯ ಹೆಸರು ಹಿಡಿದು ಏನೇನೋ ತೊದಲತೊಡಗಿದ. ಆಗ ನಾವಿಬ್ಬರು ಹೆಂಗಸರೇ ಅವನನ್ನು ಹೊತ್ತು ಹೊಲದ ಕಡೆ ನಡೆದೆವು. ಯಜಮಾನರು ತಲೆಯೆತ್ತಿ ನೋಡಿ, ಕೈಯಲ್ಲಿದ್ದುದನ್ನು ಎಸೆದು ಓಡಿಬಂದರು. ಕೊಡ ಕೊಡ ನೀರು ಸುರಿದೆವು. ಹುಡುಗ ಕಣ್ಣು ಬಿಟ್ಟ, ಆದರೆ ಯಾರ ಗುರುತೂ ಹತ್ತಲಿಲ್ಲ. ಅದೇ ಕಾರಿನಲ್ಲಿ ಅರಸೀಕೆರೆಯ ಆಸ್ಪತ್ರೆಗೆ ತಂದೆವು. ಮಾರನೆಯ ದಿನ ಅಲ್ಲೇ ತೀರಿಕೊಂಡ.

ಕಾರನ್ನು ಆಮೇಲೆ ಅವರು ಮುಟ್ಟಲಿಲ್ಲ. ಯಾರೋ ಬಂದು ಎಳೆದುಕೊಂಡು ಹೋದರು. ಕೊಬ್ಬರಿ ಮಂಡಿಗೆ ನಡೆದೇ ಹೋಗುತ್ತಿದ್ದರು. ನಾನು ಎದುರು ಸಿಕ್ಕರೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದರು.

ಎರಡು ಬೇಸಿಗೆ ಕಳೆದಿರಬೇಕು. ನನ್ನ ಮಗಳಿಗೆ ಆಗ ಇನ್ನೂ ನಡಿಗೆ ಬಂದಿರಲಿಲ್ಲ. ಒಂದು ಮಧ್ಯಾಹ್ನ ಜ್ವರ ನೆತ್ತಿಗೇರಿ ಮಗು ಕೈಕಾಲು ಸೆಟೆದುಕೊಂಡಿತು. ನಾನು ಅದನ್ನು ಶಾಲಿನಲ್ಲಿ ಬಿಗಿಯಾಗಿ ಸುತ್ತಿ, ಆಟೋ ಆಟೋ ಎಂದು ಕೂಗುತ್ತ ಬೀದಿಗೆ ಓಡಿದೆ. ಯಜಮಾನರು ಎದುರಿಗೆ ಬಂದವರೇ ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡರು. "ಬಟ್ಟೆ ಬಿಚ್ಚು! ಮೊದ್ಲು ನೀರು, ಡಾಕ್ಟ್ರು ಆಮೇಲೆ!" ತೊಟ್ಟಿಯ ಪಕ್ಕ ಕೂತು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಮ್ಮ ಪಂಚೆಯ ಚುಂಗನ್ನು ಅದ್ದಿ ಅದ್ದಿ ಮೈಯೆಲ್ಲ ಒರೆಸಿದರು. ಮಗು ಸಡಿಲಾಗಿ, ಗಟ್ಟಿಯಾಗಿ ಅತ್ತಿತು. ಅವರು ಅದನ್ನು ಎದೆಗೆ ಒತ್ತಿಕೊಂಡು ತಾವೂ ಅತ್ತರು.

ಸಂಜೆ ಅವರ ಕಾಲಿಗೆ ಬೀಳಹೋದೆ. "ನೀವಿಲ್ಲದಿದ್ದರೆ ನನ್ನ ಮಗು..." ಅಂದೆ.

ಅವರು ನನ್ನನ್ನು ತಡೆದರು. "ನೀರು ಹಾಕ್ಬೇಕು ಅಂತ ಅವತ್ತೂ ಗೊತ್ತಿತ್ತು ಕಣಮ್ಮ" ಅಂದರು. ನಾನು ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದುಬಿಟ್ಟೆ. ಏನಾದರೂ ಹೇಳಬೇಕಿತ್ತು.

ನಮಗೆ ವರ್ಗವಾಗಿ ಹುಬ್ಬಳ್ಳಿಗೆ ಹೋದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಮಗಳನ್ನು ಕರೆದುಕೊಂಡು ರೈಲಿನಲ್ಲಿ ಹೋದೆ. ಅವರ ಹೆಂಡತಿ ಮಗಳ ಗಲ್ಲ ಹಿಡಿದು ಬಹಳ ಹೊತ್ತು ನೋಡಿದರು. "ಎಷ್ಟುದ್ದ ಆಗವ್ಳೆ! ಅವರು ಮಡಿಲಲ್ಲಿ ಹಾಕ್ಕಂಡು ಉಳಿಸ್ಕೊಂಡ ಮಗು" ಎಂದು ಮನೆಗೆ ಬಂದವರಿಗೆಲ್ಲ ತೋರಿಸಿದರು. ಅವರು ಒಂದು ಮಗುವನ್ನು ಉಳಿಸಿದರು ಎಂಬ ಮಾತನ್ನು ಆ ಮನೆಯವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಕೇಳಬೇಕಾದವರು ಮಾತ್ರ ಅಲ್ಲಿರಲಿಲ್ಲ.