ಅರಿಶಿನ ನೀರಿನ ಎರಡು ಇಂಚು

ಚಾಮರಾಜನಗರದ ಗುಮಾಸ್ತೆ ನೀಲಕಂಠಸ್ವಾಮಿಗೆ ಈ ಲೋಕದಲ್ಲಿ ಮರ್ಯಾದೆಗೆ ಯೋಗ್ಯವಾಗಿ ಕಂಡದ್ದು ಒಂದೇ, ತನ್ನ ಕೈಬರಹ. ಉಳಿದದ್ದಕ್ಕೆಲ್ಲ ಅವನು ಮೂಗು ಮುರಿಯುತ್ತಿದ್ದ. ಪಂಚಾಂಗ ಹೇಳುವವರು ಕಳ್ಳರು, ಕೂತು ಕೇಳುವ ರೈತರು ದಡ್ಡರು, ಸಂತೆಮರಹಳ್ಳಿ ಕಡೆಯಿಂದ ಬಸ್ಸಿಳಿದು ಅರ್ಜಿ ಹಿಡಿದು ಬರುವವರು ಹೆಬ್ಬೆಟ್ಟಿನ ಜನ. ಅವನು ಕೂರುತ್ತಿದ್ದದ್ದು ಯಾವ ಕಚೇರಿಯಲ್ಲಿ ಎಂದು ಹೇಳಿ ಆ ಕಚೇರಿಯ ಮಾನ ಕಳೆಯುವುದು ಬೇಡ. ಅದರ ಹಿತ್ತಲಲ್ಲಿ ಮಳೆ ಅಳೆಯುವ ಗೇಜು ಇತ್ತು, ಅಷ್ಟು ತಿಳಿದರೆ ಸಾಕು.

ಗೇಜು ಎಂದರೆ ಮೊಣಕಾಲೆತ್ತರದ ಒಂದು ತಗಡಿನ ಕೊಳವೆ. ಬಾಯಿಗೆ ಆಲಿಕೆ, ಒಳಗೊಂದು ಬಾಟಲಿ, ಸುತ್ತ ಮುಳ್ಳುತಂತಿ. ದಿನವೂ ಬೆಳಿಗ್ಗೆ ಎಂಟಕ್ಕೆ ಬಾಟಲಿಯ ನೀರನ್ನು ಗೀಟು ಹಾಕಿದ ಗಾಜಿನ ಲೋಟಕ್ಕೆ ಸುರಿದು, ಇಷ್ಟು ಇಂಚು, ಇಂಚಿನ ನೂರರ ಪಾಲಾದ ಸೆಂಟು ಇಷ್ಟು ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಮಳೆ ಬಾರದ ದಿನವೂ ಹೋಗಿ ನೋಡಿಯೇ ಸೊನ್ನೆ ಬರೆಯಬೇಕು. ಮೊದಲ ವರ್ಷ ಅವನು ಹಾಗೇ ಮಾಡಿದ. ಆಮೇಲೆ ಆ ಕೆಲಸವೂ ಅವನ ಕಣ್ಣಿಗೆ ಕೀಳಾಯಿತು. ಸುಡುಬಿಸಿಲಲ್ಲಿ ಖಾಲಿ ಬಾಟಲಿಗೆ ಬಗ್ಗಿ ನಮಸ್ಕಾರ ಹಾಕಲು ತಾನೇನು ಪೂಜಾರಿಯೇ? ಐವತ್ತನಾಲ್ಕನೇ ಇಸವಿಯಿಂದ ಅವನು ಕುರ್ಚಿಯಲ್ಲೇ ಕೂತು ಮಳೆ ಅಳೆದ. ಬೀದಿ ಒದ್ದೆಯಾಗಿದ್ದ ದಿನ ಹೆಂಡತಿ ಚಿಕ್ಕಮಲ್ಲಮ್ಮನನ್ನು ಕೇಳುವನು, "ರಾತ್ರಿ ಹೆಂಗೆ ಹೊಯ್ತು?" ಅವಳು ಜೋರು ಎಂದರೆ ಅರ್ಧ ಇಂಚು, ಪರವಾಗಿಲ್ಲ ಎಂದರೆ ಇಪ್ಪತ್ತು ಸೆಂಟು. ಅವಳು ಗಾಢ ನಿದ್ದೆಯಲ್ಲಿದ್ದ ರಾತ್ರಿ ಚಾಮರಾಜನಗರಕ್ಕೆ ಮಳೆಯೇ ಆಗಲಿಲ್ಲ. ಆ ಸುಳ್ಳುಗಳನ್ನು ಬರೆದ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು.

ಪುಣಜನೂರಿನ ಕಾಡಂಚಿನಲ್ಲೂ ಒಂದು ಗೇಜು ಇತ್ತು. ಅದನ್ನು ನೋಡುತ್ತಿದ್ದವನು ಅರಣ್ಯ ಕಾವಲುಗಾರ ಬೀರಯ್ಯ. ಅವನು ತಿಂಗಳಿಗೊಮ್ಮೆ ಲೆಕ್ಕದ ಪುಸ್ತಕ ತಂದು ತೋರಿಸುವನು. ಎಣ್ಣೆಯ ಕಲೆ, ಕೋಳಿ ಕೆದರಿದಂಥ ಅಕ್ಷರ, ನಡುನಡುವೆ ಅಂಕಿಯಿಲ್ಲದ ಖಾಲಿ ಮನೆಗಳು. ಖಾಲಿ ಮನೆಯ ಪಕ್ಕದಲ್ಲಿ, "ಆನೆ ನಿಂತಿತ್ತು. ಹೋಗಲಿಲ್ಲ."

"ಏನ್ಲಾ ಇದು? ಒಂದು ಸೊನ್ನೆ ಹಾಕೋಕೆ ನಿನ್ನ ಕೈ ಸವೆದು ಹೋಗ್ತಿತ್ತಾ?" ಎಂದು ನೀಲಕಂಠಸ್ವಾಮಿ ಕಚೇರಿಗೆಲ್ಲ ಕೇಳುವ ಹಾಗೆ ನಗುವನು.

"ನೋಡ್ನಿಲ್ವಲ್ಲ ಬುದ್ಧಿ. ನೋಡ್ದೆ ಎಂಗೆ ಬರ್ಯದು?" ಎನ್ನುವನು ಬೀರಯ್ಯ. ಇಂಥವನಿಗೆ ಬುದ್ಧಿ ಹೇಳುವುದು ದಂಡ ಎಂದು ನೀಲಕಂಠಸ್ವಾಮಿ ಪುಸ್ತಕವನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಡುವನು.

ಐವತ್ತೆಂಟರ ಏಪ್ರಿಲ್‌ನಲ್ಲಿ ಒಂದು ಕಾಗದ ಬಂತು. ದೂರದ ಸಮುದ್ರಗಳ ಬಿಸಿಗೂ ನಮ್ಮ ಬೇಸಿಗೆ ಮಳೆಗೂ ಸಂಬಂಧವುಂಟೇ ಎಂದು ನೋಡಲು ಹವಾಮಾನ ಇಲಾಖೆಯವರು ಊರೂರಿನ ಲೆಕ್ಕ ಆರಿಸುತ್ತಿದ್ದಾರೆ, ಒಬ್ಬ ಅಧಿಕಾರಿ ಗುರುವಾರ ಬರುತ್ತಾರೆ, ಬೀರಯ್ಯನೂ ಪುಸ್ತಕದೊಂದಿಗೆ ಹಾಜರಿರಬೇಕು. ಆರಿಸಿದ ಲೆಕ್ಕ ಅಚ್ಚಾಗುತ್ತದೆ, ಅಳೆದವರ ಹೆಸರು ಸಮೇತ.

ಹೆಸರು ಸಮೇತ! ಗುಂಡ್ಲುಪೇಟೆಯ ಮಾವ ಗಂಗಾಧರಸ್ವಾಮಿ, ನೂರು ಎಕರೆಯ ಜಂಬದ ಮನುಷ್ಯ, ಮದುವೆಯಾಗಿ ಹನ್ನೆರಡು ವರ್ಷವಾದರೂ ಅಳಿಯನ ಹೆಸರು ಹಿಡಿದು ಕರೆದವನಲ್ಲ. ನಾಲ್ಕು ಜನರೆದುರು "ನಮ್ಮುಡ್ಗಿ ಗಂಡ" ಎಂದು ಮುಗಿಸುತ್ತಿದ್ದ. ಆ ಪುಸ್ತಕವನ್ನು ಅವನ ಜಗಲಿಯ ಮೇಲೆ ಎಸೆದು ಬರಬೇಕು ಎಂದು ನೀಲಕಂಠಸ್ವಾಮಿ ನಿಶ್ಚಯಿಸಿದ. ಸಾಲದ್ದಕ್ಕೆ ಹಾಗೆಂದು ಗುಂಡ್ಲುಪೇಟೆಗೆ ಮೊದಲೇ ಕಾಗದವನ್ನೂ ಹಾಕಿದ.

ಭಾನುವಾರ, ಯಾರೂ ಇಲ್ಲದಾಗ, ಹಿತ್ತಲಿಗೆ ಹೋಗಿ ಪಾಚಿ ಕಟ್ಟಿದ್ದ ಬಾಟಲಿ ತೊಳೆದ, ತಗಡಿಗೆ ನೀರು ಹಾಕಿ ಉಜ್ಜಿದ. ಆಕಾಶ ನೋಡಿದರೆ ಒಂದು ಚೂರು ಮೋಡವಿಲ್ಲ. ಮೂರು ವಾರದಿಂದ ಹನಿ ಬಿದ್ದಿರಲಿಲ್ಲ. ಸೋಮವಾರದಿಂದ ಗುರುವಾರದವರೆಗೆ ನಾಲ್ಕು ಸೊನ್ನೆಗಳನ್ನು ಒಂದೇ ಸಲ ಬರೆದಿಟ್ಟು ಮನೆಗೆ ಹೋದ.

ಗುರುವಾರ ಹನ್ನೊಂದಕ್ಕೆ ಗುಂಡ್ಲುಪೇಟೆ ಕಡೆಯಿಂದ ಜೀಪು ಬಂತು. ಜೀಪಿನಿಂದಿಳಿದ ಅಧಿಕಾರಿ, ದಾರಿಯಲ್ಲಿ ಗೋಪಾಲಸ್ವಾಮಿ ಬೆಟ್ಟ ಹತ್ತಿ ಅಲ್ಲಿನ ಚಳಿಯಲ್ಲಿ ನೆಗಡಿ ಹಿಡಿಸಿಕೊಂಡಿದ್ದ ಬಡಕಲು ಮನುಷ್ಯ. ಈ ನರಪೇತಲನಿಗೆ ತನ್ನ ಹೆಸರು ಅಚ್ಚು ಹಾಕಿಸುವ ಅಧಿಕಾರವೇ ಎಂದು ನೀಲಕಂಠಸ್ವಾಮಿಗೆ ಬೇಸರವಾಯಿತು. ಕಾಫಿ ಕೊಟ್ಟ. ಬೀರಯ್ಯ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ.

"ಹೋದ ವರ್ಷ ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬಿಸಿಯಾಗಿತ್ತು, ಅಮೆರಿಕದ ಕರಾವಳಿಯ ಕಡೆ" ಎಂದರು ಅಧಿಕಾರಿ. "ಬಿಸಿ ನೀರಿನ ಮೇಲೆ ಗಾಳಿ ಎದ್ದರೆ ಅದು ಇನ್ನೆಲ್ಲೋ ಇಳಿಯಬೇಕು. ಇಳಿದ ಕಡೆ ಮೋಡ ಕಟ್ಟುವುದಿಲ್ಲ. ಅಷ್ಟು ದೂರದ ಸಮುದ್ರ ನಮ್ಮ ಬೇಸಿಗೆಯನ್ನೂ ಕೆಡಿಸುತ್ತದೆಯೇ ಎಂದು ಕೆಲವರಿಗೆ ಅನುಮಾನ. ಇನ್ನೂ ರುಜುವಾತಾಗಿಲ್ಲ. ಅದಕ್ಕೇ ಸಣ್ಣ ಊರುಗಳ ದಿನದಿನದ ಲೆಕ್ಕ ಬೇಕು."

"ತುಂಬಾ ದೊಡ್ಡ ವಿಚಾರ ಸಾರ್" ಎಂದ ನೀಲಕಂಠಸ್ವಾಮಿ. ಮನಸ್ಸಿನಲ್ಲಿ, ಸಮುದ್ರಕ್ಕೆ ಜ್ವರ ಬಂದರೆ ಚಾಮರಾಜನಗರಕ್ಕೆ ಕಷಾಯವೇ, ಇದಕ್ಕೂ ಸಂಬಳ ಕೊಡುತ್ತಾರಲ್ಲ ಎಂದುಕೊಂಡ.

ಮೆಟ್ಟಿಲ ಮೇಲಿಂದ ಬೀರಯ್ಯ ಹೇಳಿದ, "ಅಂಗೂ ಇರ್ಬೋದು ಬುದ್ಧಿ. ಕಾಡ್ನಲ್ಲಿ ಆ ತುದೀಲಿ ಬೆಂಕಿ ಬಿದ್ರ, ಈ ತುದೀಲಿ ಆನ ದಾರಿ ಬದ್ಲಾಯಿಸ್ತದ."

"ನೀನು ಸುಮ್ಕಿರ್ಲಾ" ಎಂದು ನೀಲಕಂಠಸ್ವಾಮಿ ಗದರಿದ. ಅಧಿಕಾರಿ ಮಾತ್ರ ಬೀರಯ್ಯನ ಕಡೆ ತಿರುಗಿ ನೋಡಿದರು.

ರಿಜಿಸ್ಟರು ತೆರೆದಾಗ ಅವರ ಮುಖ ಅರಳಿತು. ನಾಲ್ಕು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ, ಒಂದು ಚಿತ್ತಿಲ್ಲ. "ಇಂಥದ್ದನ್ನು ನಾನು ಎಲ್ಲೂ ನೋಡಿಲ್ಲ" ಎಂದರು. ನೀಲಕಂಠಸ್ವಾಮಿಗೆ ಆ ಕ್ಷಣದಲ್ಲೇ ಮಾವನ ಜಗಲಿ ಕಣ್ಣಿಗೆ ಬಂತು. "ಗೇಜನ್ನೂ ಒಮ್ಮೆ ನೋಡಿಬಿಡೋಣ" ಎಂದು ಅಧಿಕಾರಿ ಎದ್ದರು.

ಹಿತ್ತಲಲ್ಲಿ ತಗಡಿನ ಮೈಗೆಲ್ಲ ವಿಭೂತಿ, ಕುಂಕುಮ. ಆಲಿಕೆಯಲ್ಲಿ ಬಾಡಿದ ಕಣಗಿಲೆ ಹೂವು. ಬಾಟಲಿ ಎತ್ತಿದರೆ ತುಂಬ ಹಳದಿ ನೀರು. ಅಧಿಕಾರಿ ಅದನ್ನು ಲೋಟಕ್ಕೆ ಸುರಿದು ಸುರಿದು ಅಳೆದರು. ಎರಡು ಇಂಚು, ಹತ್ತು ಸೆಂಟು.

"ಇವತ್ತು ಬೆಳಿಗ್ಗೆ ನೋಡಿ ಬರೆದಿರಲ್ಲ?" ಎಂದು ಕೇಳಿದರು.

"ನೋಡಿದೆ ಸಾರ್. ಎಂಟಕ್ಕೆ. ಖಾಲಿ ಇತ್ತು. ಈಗ ತಾನೇ ಯಾರೋ ಪುಂಡರು..."

ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದ ಪುಟ್ಟಸಿದ್ದಮ್ಮ, ಹಿಂದಿನ ಬೀದಿಯ ಮುದುಕಿ, ಕೆಲಸ ಬಿಟ್ಟು ತಂತಿಯ ಹತ್ತಿರ ಬಂದಳು.

"ಪುಂಡ್ರಲ್ಲ ಸ್ವಾಮಿ, ನಾವೇ ಉಯ್ದದ್ದು. ಸೋಮಾರ, ಮೂರು ದಿನಾಯ್ತು. ಮಳ ಬರ್ಲಿ ಅಂತ ಬೀದಿ ಎಂಗಸ್ರೆಲ್ಲ ಮಣ್ಣಿನ ಮಳೆರಾಯನ್ನ ಹೊತ್ಕಂಡು ಬಂದಿದ್ದೊ. ಈ ಸರ್ಕಾರದ ಮಳೆರಾಯ ನಾಕು ವರ್ಸದಿಂದ ಒಂಟ್ಯಾಗಿ ನಿಂತನ. ಒಬ್ರೂ ಇತ್ತಗ ತಲೆ ಆಕ್ನಿಲ್ಲ, ಒಂದು ಹೂ ಮಡುಗ್ನಿಲ್ಲ. ಇನ್ನ ಮಳ ಎಲ್ಲಿಂದ ಬಂದದು? ಬಾನ್ವಾರ ಇವ್ರು ತಾವೇ ಬಂದು ಮೈ ತೊಳುದ್ರು. ಕೊನ್ಗೂ ಇವ್ರಿಗೆ ಗ್ಯಾನ ಬಂತು ಅಂತ ಖುಸಿಯಾಯ್ತು. ಅದ್ಕೇ ನಾವೂ ಒಂದು ತಂಬಿಗ ಅರ್ಸ್ನದ ನೀರ ಉಯ್ದೊ."

ಅವಳ ದನಿಯಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ, ಶುದ್ಧ ಮೆಚ್ಚುಗೆಯಿತ್ತು. ನೀಲಕಂಠಸ್ವಾಮಿಗೆ ಮುದುಕಿಯ ಮೇಲೆ ಸಿಟ್ಟು ಬಂತು, ಅರಿಶಿನದ ಮೇಲೆ ಸಿಟ್ಟು ಬಂತು. ತನ್ನ ಮೇಲೆ ಬರಬೇಕಾದದ್ದು ಇನ್ನೂ ಬಂದಿರಲಿಲ್ಲ.

ಅಧಿಕಾರಿ ಬೈಯಲಿಲ್ಲ. ಒಳಗೆ ಬಂದು ರಿಜಿಸ್ಟರನ್ನು ಮತ್ತೆ ತೆರೆದು ಮೆಲ್ಲಗೆ ಕೇಳಿದರು, "ಇದರಲ್ಲಿ ನೀವು ನೋಡಿ ಬರೆದದ್ದು ಯಾವುದು, ನೋಡದೆ ಬರೆದದ್ದು ಯಾವುದು, ಗುರುತು ಹಾಕಿ ಕೊಡುತ್ತೀರಾ? ನೋಡಿದ್ದು ಹತ್ತೇ ದಿನವಿದ್ದರೂ ತೆಗೆದುಕೊಳ್ಳುತ್ತೇನೆ."

ನೀಲಕಂಠಸ್ವಾಮಿ ಹಾಳೆ ತಿರುವಿದ. ಎಲ್ಲ ಒಂದೇ ಥರ, ಒಂದೇ ಚಂದ. ಗುರುತು ಹಾಕಲು, ನೋಡಿ ಬರೆದ ದಿನ ಒಂದೂ ಸಿಗಲಿಲ್ಲ.

ಅಧಿಕಾರಿ ರಿಜಿಸ್ಟರು ಮುಚ್ಚಿ ಬೀರಯ್ಯನ ಪುಸ್ತಕಕ್ಕೆ ಕೈ ಚಾಚಿದರು. ಎಣ್ಣೆಯ ಕಲೆಗಳ ನಡುವೆ ಒಂದೊಂದೇ ದಿನ ನೋಡುತ್ತ ಹೋದರು. ಆನೆ ನಿಂತಿದ್ದ ದಿನಗಳ ಮೇಲೆ ಬೆರಳಿಟ್ಟು ನಕ್ಕರು. "ಪೂರ್ತಿ ಹೆಸರೇನಪ್ಪ?"

"ಬೀರಯ್ಯ. ಅಷ್ಟಿಯಾ ಬುದ್ಧಿ."

"ಅಚ್ಚಿಗೆ ಅಷ್ಟೇ ಸಾಕು" ಎಂದು ಬರೆದುಕೊಂಡರು. ಆಮೇಲೆ ನೀಲಕಂಠಸ್ವಾಮಿಯ ಕಡೆ ತಿರುಗಿದರು. "ಇದನ್ನು ಅಚ್ಚುಕೂಟದವರು ಓದಲಾರರು. ನಿಮ್ಮ ಕೈಬರಹ ಚೆನ್ನಾಗಿದೆ. ಮೊದಲಿಂದ ಕೊನೆಯವರೆಗೆ ನಕಲು ಮಾಡಿಕೊಡಿ. ಖಾಲಿ ಇರುವುದನ್ನು ಮಾತ್ರ ದಯವಿಟ್ಟು ತುಂಬಬೇಡಿ."

ಜೀಪು ಹೋದ ಮೇಲೆ ಬೀರಯ್ಯ ಮೆಟ್ಟಿಲ ಮೇಲೇ ಕೂತ. ಪುಸ್ತಕ ವಾಪಸು ಬೇಕಿತ್ತು, ನಾಳೆ ಬೆಳಿಗ್ಗೆ ಎಂಟಕ್ಕೆ ಅದು ಪುಣಜನೂರಿನಲ್ಲಿರಬೇಕಿತ್ತು. ನೀಲಕಂಠಸ್ವಾಮಿ ಲೇಖನಿಯನ್ನು ಮಸಿಯಲ್ಲಿ ಅದ್ದಿ, ಊರಿಗೇ ಹೆಸರಾದ ತನ್ನ ದುಂಡಗಿನ ಅಕ್ಷರದಲ್ಲಿ ಬರೆಯತೊಡಗಿದ. ಆನೆ ನಿಂತಿತ್ತು. ಹೋಗಲಿಲ್ಲ.